ತಜ್ಞವರದಿಯಿಂದ ಪಾಟೀಸವಾಲಿನವರೆಗೆ: ನ್ಯಾಯಾಲಯದಲ್ಲಿ ಭಾಷಾವಿಜ್ಞಾನಿಯ ಸಾಕ್ಷ್ಯ

ಲಂಚದ ಪ್ರಕರಣವೊಂದನ್ನು ಊಹಿಸಿಕೊಳ್ಳಬಹುದು. ಫಿರ್ಯಾದಿಯ ಜೇಬಿನಲ್ಲಿದ್ದ ಧ್ವನಿಮುದ್ರಣ ಸಾಧನವು ಕಚೇರಿಯ ಗದ್ದಲದ ನಡುವೆ ಆರೋಪಿಯ ಎರಡು ಪದಗಳ ವಾಕ್ಯವೊಂದನ್ನು ಹಿಡಿದಿದೆ. ತನಿಖಾಧಿಕಾರಿಯು ಸಿದ್ಧಪಡಿಸಿ ಮಹಜರಿಗೆ ಲಗತ್ತಿಸಿದ ಬರಹರೂಪದಲ್ಲಿ ಆ ವಾಕ್ಯ ‘ಹಣ ಕೊಡಿ’. ಆರೋಪಿಯ ವಕೀಲರು ಹೇಳುವಂತೆ ಅದು ‘ಅಣ್ಣ, ಕೊಡಿ’. ಕೇಳಿದ್ದು ಅರ್ಜಿಯೊಂದಿಗಿನ ಕಾಗದಪತ್ರವನ್ನು. ಆರೋಪಿಯು ಹಳೆಯ ಮೈಸೂರು ಭಾಗದ ಗ್ರಾಮೀಣ ಕನ್ನಡವನ್ನಾಡುವವನು. ಆ ಪ್ರಭೇದದಲ್ಲಿ ಪದಾದಿಯ ಹಕಾರವು ಬಿದ್ದುಹೋಗುವುದು ಸಾಮಾನ್ಯ. ಆದ್ದರಿಂದ ಆತನ ಬಾಯಲ್ಲಿ ‘ಹಣ’ವು ‘ಅಣ’ ಆಗಿರಬಲ್ಲದು. ಆಗ ಎರಡು ಓದುಗಳನ್ನು ಬೇರ್ಪಡಿಸಲು ಮುಖ್ಯವಾಗಿ ಉಳಿಯುವುದು ಣಕಾರದ ಉದ್ದ. ಲಂಚದ ಬೇಡಿಕೆಯೂ ಸ್ವೀಕಾರವೂ ರುಜುವಾತಾಗದೆ ಅಪರಾಧ ಸಾಬೀತಾಗದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ೨೦೨೨ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಹೀಗಿರಲು ಕೆಲವು ಹತ್ತು ಮಿಲಿಸೆಕೆಂಡುಗಳ ಅನುನಾಸಿಕ ಧ್ವನಿಯ ಮೇಲೆ ಒಬ್ಬನ ನೌಕರಿಯೂ ಸೆರೆವಾಸವೂ ನಿಂತಿರಬಹುದು.

ಇಂಥ ಸಂದರ್ಭದಲ್ಲಿ ಭಾಷಾವಿಜ್ಞಾನಿಗೆ ಕರೆ ಬರುತ್ತದೆ. ಕರೆ ಬಂದವರು ಸಾಮಾನ್ಯವಾಗಿ ‘ನನ್ನ ನಿರ್ಣಯ ಸರಿಯೇ?’ ಎಂದು ಚಿಂತಿಸುತ್ತಾರೆ. ಎದುರುಪಕ್ಷದ ವಕೀಲರು ನಿರ್ಣಯದ ಗೋಜಿಗೆ ಬಹುಮಟ್ಟಿಗೆ ಹೋಗುವುದೇ ಇಲ್ಲ. ಅವರು ಹಿಡಿಯುವುದು ದತ್ತದಿಂದ ನಿರ್ಣಯಕ್ಕೆ ಏರಿದ ಮೆಟ್ಟಿಲುಗಳನ್ನು. ತಜ್ಞರ ಹೆಸರು, ಹುದ್ದೆ, ಪದವಿಗಳನ್ನು ಅಳಿಸಿಹಾಕಿ ಓದಿದರೂ ಆ ಮೆಟ್ಟಿಲುಗಳನ್ನು ನ್ಯಾಯಾಧೀಶರು ತಾವಾಗಿಯೇ ಹತ್ತಿ ನೋಡುವಂತೆ ಬರೆದ ವರದಿ ಮಾತ್ರ ಆಕ್ಷೇಪಣೆಗಳ ಮುಂದೆ ನಿಲ್ಲುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಇದು ಸಲಹೆ ಮಾತ್ರವಲ್ಲ. ಭಾರತದ ಸಾಕ್ಷ್ಯ ಕಾನೂನೇ ತಜ್ಞರಿಂದ ನಿರೀಕ್ಷಿಸುವುದು ಇದನ್ನು.

೧. ಕಾನೂನಿನ ನಿರೀಕ್ಷೆ

ಸಾಕ್ಷಿಯು ತಾನು ಕಂಡದ್ದನ್ನು, ಕೇಳಿದ್ದನ್ನು ಹೇಳಬೇಕೇ ಹೊರತು ಅಭಿಪ್ರಾಯವನ್ನಲ್ಲ ಎಂಬುದು ಸಾಮಾನ್ಯ ನಿಯಮ. ೧೮೭೨ರ ಸಾಕ್ಷ್ಯ ಅಧಿನಿಯಮದ ೪೫ನೆಯ ಕಲಂ ಇದಕ್ಕೊಂದು ಅಪವಾದವನ್ನು ಕಲ್ಪಿಸಿತ್ತು: ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ ಮತ್ತು ಬೆರಳಚ್ಚು ಗುರುತಿಸುವಿಕೆ—ಇವುಗಳಲ್ಲಿ ವಿಶೇಷ ಪರಿಣತಿಯುಳ್ಳವರ ಅಭಿಪ್ರಾಯ ಪ್ರಸ್ತುತವಾಗುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, ೨೦೨೩ರಲ್ಲಿ ಇದು ೩೯ನೆಯ ಕಲಮಾಗಿದೆ. ‘ಅಥವಾ ಇತರ ಯಾವುದೇ ಕ್ಷೇತ್ರ’ ಎಂಬರ್ಥದ ಮಾತು ಹೊಸದಾಗಿ ಸೇರಿದೆ. ಭಾಷಾವಿಜ್ಞಾನವು ವಿಜ್ಞಾನವೋ ಕಲೆಯೋ ಎಂಬ ಹಳೆಯ ತಗಾದೆಗೆ ಇನ್ನು ಹೆಚ್ಚು ಅವಕಾಶವಿಲ್ಲ. ಆದರೆ ಬಾಗಿಲು ಅಗಲವಾಯಿತೆಂದು ಹೊಸಿಲು ತಗ್ಗಿತೆಂದು ಭಾವಿಸಬಾರದು.

ಹೊಸಿಲಿನ ಎತ್ತರವನ್ನು ನಿಗದಿಪಡಿಸಿರುವುದು ತೀರ್ಪುಗಳು. ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಜೈ ಲಾಲ್ (೧೯೯೯) ತೀರ್ಪು ಸೇಬಿನ ಖರೀದಿಗೆ ಸಂಬಂಧಿಸಿದ್ದು. ಭಾಷೆಗೂ ಅದಕ್ಕೂ ನಂಟಿಲ್ಲ. ಆದರೂ ನಮ್ಮ ಕ್ಷೇತ್ರದ ಪ್ರತಿಯೊಬ್ಬ ಸಂಶೋಧನಾರ್ಥಿಯೂ ಅದನ್ನು ಓದಬೇಕು. ತಜ್ಞರ ಕರ್ತವ್ಯವೆಂದರೆ ತಮ್ಮ ನಿರ್ಣಯದ ನಿಖರತೆಯನ್ನು ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ನ್ಯಾಯಾಧೀಶರಿಗೆ ಒದಗಿಸಿ, ಅವರು ಸ್ವತಂತ್ರವಾಗಿ ತೀರ್ಮಾನಿಸುವಂತೆ ಮಾಡುವುದು ಎಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿ ಹೇಳಿತು. ವರದಿ ಸಲ್ಲಿಸಿದ ಮಾತ್ರಕ್ಕೆ ಅದು ಸಾಕ್ಷ್ಯವಾಗದು, ತಜ್ಞರು ಕಟಕಟೆಗೆ ಬಂದು ಪಾಟೀಸವಾಲನ್ನು ಎದುರಿಸಲೇಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಕೆಲವು ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಗಳಿಗೆ ದಂಡ ಪ್ರಕ್ರಿಯಾ ಸಂಹಿತೆಯ ೨೯೩ನೆಯ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೨೯ನೆಯ ಕಲಂ, ವಿನಾಯಿತಿ ಕೊಡುತ್ತದೆ. ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ಆ ಅನುಕೂಲವಿಲ್ಲ.

ರಮೇಶ್ ಚಂದ್ರ ಅಗರ್‌ವಾಲ್ ವಿರುದ್ಧ ರೀಜೆನ್ಸಿ ಹಾಸ್ಪಿಟಲ್ (೨೦೦೯) ತೀರ್ಪು ಮೂರು ಅಂಶಗಳನ್ನು ಕೇಳುತ್ತದೆ: ಕ್ಷೇತ್ರವು ಮಾನ್ಯತೆ ಪಡೆದದ್ದಾಗಿರಬೇಕು, ಸಾಕ್ಷ್ಯವು ನಂಬಲರ್ಹ ತತ್ತ್ವಗಳನ್ನು ಆಧರಿಸಿರಬೇಕು, ತಜ್ಞರು ಆ ಶಾಸ್ತ್ರದಲ್ಲಿ ಅರ್ಹರಾಗಿರಬೇಕು. ಅಮೆರಿಕದಲ್ಲಿ ೧೯೯೩ರ ಡೌಬರ್ಟ್ ತೀರ್ಪು ನ್ಯಾಯಾಧೀಶರನ್ನು ದ್ವಾರಪಾಲಕರನ್ನಾಗಿ ಮಾಡಿ ತಜ್ಞಸಾಕ್ಷ್ಯವನ್ನು ಹೊಸಿಲಲ್ಲೇ ತಡೆಯುವ ಕ್ರಮವನ್ನು ತಂದಿತು. ನಮ್ಮಲ್ಲಿ ತಡೆ ಹೊಸಿಲಲ್ಲಿ ಅಪರೂಪ. ಸಾಕ್ಷ್ಯವನ್ನು ಒಳಗೆ ಬಿಟ್ಟುಕೊಂಡು, ಕೊನೆಗೆ ತೀರ್ಪಿನಲ್ಲಿ ಅದಕ್ಕೆ ತೂಕವಿಲ್ಲವೆಂದು ಬದಿಗಿಡುವುದೇ ಹೆಚ್ಚು. ಎರಡನೆಯದು ತಜ್ಞರಿಗೆ ಹೆಚ್ಚು ಕಠಿಣವೆಂದು ನನಗನ್ನಿಸುತ್ತದೆ. ಹೊಸಿಲಲ್ಲಿ ತಡೆದರೆ ಕಾರಣ ಆಗಲೇ ತಿಳಿಯುತ್ತದೆ. ಇಲ್ಲಿ ಅದು ತಿಳಿಯುವುದು ವರ್ಷಗಳ ಮೇಲೆ, ತಿದ್ದಲು ಅವಕಾಶವಿಲ್ಲದ ಹೊತ್ತಿನಲ್ಲಿ.

ಅಧಿನಿಯಮದ ೪೫ನೆಯ ಕಲಂ (ಹಳೆಯದರಲ್ಲಿ ೫೧) ನಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಅಭಿಪ್ರಾಯ ಪ್ರಸ್ತುತವಾದಾಗ ಅದರ ಆಧಾರಗಳೂ ಪ್ರಸ್ತುತವೆಂದು ಅದು ಹೇಳುತ್ತದೆ. ತಜ್ಞರು ತಾವು ನಡೆಸಿದ ಪ್ರಯೋಗಗಳ ವಿವರ ನೀಡಬಹುದೆಂಬ ಉದಾಹರಣೆಯನ್ನೂ ಕೊಡುತ್ತದೆ. ಎದುರುಪಕ್ಷಕ್ಕೆ ಆಧಾರಗಳನ್ನು ಕೆದಕುವ ಹಕ್ಕು ಇಲ್ಲಿಂದ ಬರುತ್ತದೆ. ತಜ್ಞರಿಗೆ ಆಧಾರಗಳನ್ನು ಪೂರ್ಣವಾಗಿ ಮಂಡಿಸುವ ಹಕ್ಕೂ ಇಲ್ಲಿಂದಲೇ ಬರುತ್ತದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ.

೨. ಯಾವ ಪ್ರಶ್ನೆಗೆ ಉತ್ತರ?

ವರದಿಯ ದೌರ್ಬಲ್ಯ ಅನೇಕ ವೇಳೆ ಅದರ ಮೊದಲ ಪುಟದಲ್ಲೇ, ಕೋರಿಕೆ ಪತ್ರದ ಮಾತಿನಲ್ಲೇ ಅಡಗಿರುತ್ತದೆ. ‘ಈ ಬೆದರಿಕೆ ಪತ್ರವನ್ನು ಬರೆದವನು ಆರೋಪಿಯೇ ಎಂದು ದೃಢಪಡಿಸುವುದು’ ಎಂಬ ಕೋರಿಕೆಯಲ್ಲಿ ಎರಡು ತೀರ್ಮಾನಗಳು ಮೊದಲೇ ಆಗಿಹೋಗಿವೆ: ಪತ್ರವು ಬೆದರಿಕೆಯೆಂಬುದು, ತಜ್ಞರ ಕೆಲಸ ದೃಢಪಡಿಸುವುದೆಂಬುದು. ಇದನ್ನು ಹಾಗೆಯೇ ನಕಲು ಮಾಡಿಕೊಂಡು ಉತ್ತರಿಸಿದವರು ಪಾಟೀಸವಾಲಿನ ಮೊದಲ ಪ್ರಶ್ನೆಯಲ್ಲಿಯೇ ಪಕ್ಷಪಾತಿಯೆನಿಸಿಕೊಳ್ಳುತ್ತಾರೆ. ಪ್ರಶ್ನೆಯನ್ನು ಪರೀಕ್ಷಿಸಬಹುದಾದ ರೂಪಕ್ಕೆ ತಂದು, ಆ ರೂಪಕ್ಕೆ ಕೋರಿದವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು, ಮೂಲ ಕೋರಿಕೆಯನ್ನೂ ಬದಲಾದ ಪ್ರಶ್ನೆಯನ್ನೂ ವರದಿಯಲ್ಲಿ ಒಟ್ಟಿಗೆ ಕೊಡಬೇಕು. ಕಾಲುಪುಟದ ಕೆಲಸವಿದು, ಇದನ್ನು ಮಾಡದ ವರದಿಗಳೇ ಹೆಚ್ಚು.

ಪ್ರಶ್ನೆಯನ್ನು ಕಿರಿದಾಗಿಸುವಾಗ ಅರ್ಹತೆಯ ಎಲ್ಲೆಯೂ ಸ್ಪಷ್ಟವಾಗುತ್ತದೆ. ಕನ್ನಡದ ವಾಕ್ಯರಚನೆಯಲ್ಲಿ ಡಾಕ್ಟರೇಟ್ ಪಡೆದವರಿಗೆ ಧ್ವನಿಯ ಗುರುತಿಸುವಿಕೆಯಲ್ಲಿ ಪರಿಣತಿ ತಾನಾಗಿ ಬರುವುದಿಲ್ಲ. ನ್ಯಾಯಾಲಯಕ್ಕೆ ಇವೆರಡೂ ‘ಭಾಷಾ ತಜ್ಞ’ ಎಂಬ ಒಂದೇ ಚೀಟಿಯಡಿ ಕಾಣಬಹುದು. ಇನ್ನೂ ಸಾಮಾನ್ಯವಾದ ಗೊಂದಲ ಕೈಬರಹದ್ದು. ಕಾನೂನಿನಲ್ಲಿ ಕೈಬರಹ ತಜ್ಞರ ಹೆಸರು ನೂರೈವತ್ತು ವರ್ಷಗಳಿಂದ ಇದೆ. ಪಠ್ಯದ ಕರ್ತೃತ್ವವನ್ನು ಭಾಷಿಕ ಲಕ್ಷಣಗಳಿಂದ ಚರ್ಚಿಸುವವರದು ಇಲ್ಲ. ಮುರಾರಿ ಲಾಲ್ ವಿರುದ್ಧ ಮಧ್ಯಪ್ರದೇಶ ರಾಜ್ಯ (೧೯೮೦) ತೀರ್ಪಿನಂತಹ ಕೈಬರಹದ ಪೂರ್ವನಿದರ್ಶನಗಳು ನಮ್ಮ ವರದಿಯ ವಿರುದ್ಧವೋ ಪರವಾಗಿಯೋ ಬಳಕೆಯಾಗುವುದರಿಂದ, ‘ಈ ವರದಿ ಅಕ್ಷರಗಳ ಆಕಾರವನ್ನು ಪರಿಶೀಲಿಸಿಲ್ಲ’ ಎಂಬ ವಾಕ್ಯ ಮೊದಲ ಪುಟದಲ್ಲೇ ಇರತಕ್ಕದ್ದು.

ಇನ್ನೊಂದು ಆಕ್ಷೇಪಣೆ ಭಾಷಾವಿಜ್ಞಾನಿಗೆ ಮಾತ್ರ ಎದುರಾಗುವಂಥದ್ದು. ರಕ್ತದ ಗುಂಪನ್ನು ನ್ಯಾಯಾಧೀಶರು ಕಣ್ಣಳತೆಯಲ್ಲಿ ಹೇಳಲಾರರು. ಆದರೆ ಕನ್ನಡವನ್ನು ಅವರೂ ಬಲ್ಲರು, ವಕೀಲರೂ ಬಲ್ಲರು, ಗುಮಾಸ್ತರೂ ಬಲ್ಲರು. ‘ಸ್ವಾಮಿ, ಎಲ್ಲರಿಗೂ ತಿಳಿಯುವ ಮಾತಿಗೆ ತಜ್ಞರೇಕೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯ ತಿಳಿವಳಿಕೆಯ ಒಳಗಿರುವುದಕ್ಕೆ ತಜ್ಞಸಾಕ್ಷ್ಯ ಬೇಡವೆಂದು ಇಂಗ್ಲೆಂಡಿನ ಟರ್ನರ್ ತೀರ್ಪು (೧೯೭೫) ಹೇಳಿರುವುದನ್ನು ಅವರು ಉದ್ಧರಿಸಲೂಬಹುದು. ‘ಕನ್ನಡ ನನ್ನ ಮಾತೃಭಾಷೆ’ ಎಂಬುದು ಇದಕ್ಕೆ ಉತ್ತರವಲ್ಲ. ವರದಿಯ ಅರ್ಹತಾ ಭಾಗದಲ್ಲಿ ಅದನ್ನು ಬರೆದುಕೊಳ್ಳುವುದು ಎದುರುಪಕ್ಷಕ್ಕೆ ಕೊಟ್ಟ ಉಡುಗೊರೆ. ಭಾಷಿಕನಿಗೆ ತನ್ನ ಭಾಷೆಯ ಬಗ್ಗೆ ಕಾಣದಿರುವುದೇ ತಜ್ಞರ ಕ್ಷೇತ್ರ: ಧ್ವನಿಯ ಅವಧಿ, ಒಂದು ರೂಪವು ಯಾವ ಜನವರ್ಗದಲ್ಲಿ ಎಷ್ಟು ಬಾರಿ ಕಾಣುತ್ತದೆಂಬ ಎಣಿಕೆ, ನಾವು ಕೇಳಿದೆವೆಂದುಕೊಂಡದ್ದಕ್ಕೂ ಧ್ವನಿತರಂಗದಲ್ಲಿರುವುದಕ್ಕೂ ನಡುವಿನ ಅಂತರ.

೩. ಕೇಳುವ ಮುನ್ನ ಓದಬಾರದು

ಈಗ ‘ಹಣ’–‘ಅಣ್ಣ’ ವಿವಾದಕ್ಕೆ ಬರೋಣ. ಅಸ್ಪಷ್ಟ ಧ್ವನಿಮುದ್ರಣವನ್ನು ಕೇಳುವ ಮೊದಲು ಬರಹರೂಪವನ್ನು ಓದಿದವರಿಗೆ ಬರಹರೂಪವೇ ಕೇಳಿಸುತ್ತದೆ. ಆಸ್ಟ್ರೇಲಿಯದ ಹೆಲೆನ್ ಫ್ರೇಸರ್ ಅವರು ಗುಪ್ತ ಧ್ವನಿಮುದ್ರಣಗಳ ಪೊಲೀಸ್ ಬರಹರೂಪಗಳನ್ನು ಕುರಿತು ನಡೆಸಿದ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಬರಹರೂಪ ತಪ್ಪಾಗಿದ್ದಾಗಲೂ ಕೇಳುಗರು ಅದನ್ನೇ ಆತ್ಮವಿಶ್ವಾಸದಿಂದ ಕೇಳುತ್ತಾರೆ. ಧ್ವನಿವಿಜ್ಞಾನದ ತರಬೇತಿ ಇದರಿಂದ ಸಂಪೂರ್ಣ ರಕ್ಷಣೆ ಕೊಡದು. ವಿಧಿವಿಜ್ಞಾನದ ಇತರ ಶಾಖೆಗಳಲ್ಲಿ ಈಟಿಯಲ್ ಡ್ರೋರ್ ಮೊದಲಾದವರು ಸೂಚಿಸಿರುವ ಕ್ರಮವೇ ಇಲ್ಲಿಗೂ ತಕ್ಕದ್ದು: ಪ್ರಕರಣದ ವಿವರಗಳನ್ನು ಅಗತ್ಯ ಬಿದ್ದಷ್ಟೇ, ಹಂತಹಂತವಾಗಿ ಪಡೆಯುವುದು. ಮುದ್ರಣವನ್ನು ಮೊದಲು ಕೇಳಿ, ತಮ್ಮ ಸ್ವಂತ ಬರಹರೂಪವನ್ನು ದಿನಾಂಕ ಹಾಕಿ ಮುಚ್ಚಿಟ್ಟು, ಅನಂತರ ತನಿಖೆಯ ಬರಹರೂಪದ ಲಕೋಟೆಯನ್ನು ತೆರೆಯಬೇಕು. ‘ಪೊಲೀಸರ ಬರಹರೂಪವನ್ನು ನೀವು ಯಾವಾಗ ನೋಡಿದಿರಿ?’ ಎಂಬ ಪ್ರಶ್ನೆಗೆ ದಿನಾಂಕ, ಗಂಟೆ ಸಮೇತ ಉತ್ತರಿಸಬಲ್ಲ ತಜ್ಞರ ಮೇಲೆ ಮುಂದಿನ ಹತ್ತು ಪ್ರಶ್ನೆಗಳು ಬರುವುದೇ ಇಲ್ಲ.

ಕೈಗೆ ಬಂದ ಕಡತವೇ ಮೂಲವೇ ಎಂಬುದು ಪ್ರತ್ಯೇಕ ವಿಷಯ. ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ, ಹಿಂದಿನ ೬೫ಬಿ, ಈಗಿನ ೬೩ನೆಯ ಕಲಂನ ವ್ಯಾಪ್ತಿಗೆ ಸೇರುತ್ತದೆ. ಅದನ್ನು ಒದಗಿಸುವುದು ದಾಖಲೆಯನ್ನು ಹಾಜರುಪಡಿಸುವ ಪಕ್ಷದ ಹೊಣೆ. ಅನುಸೂಚಿಯ ಎರಡನೆಯ ಭಾಗದಲ್ಲಿ ಸಹಿ ಮಾಡಬೇಕಾದ ‘ತಜ್ಞ’ನ ಸ್ಥಾನವನ್ನು ಭಾಷಾವಿಜ್ಞಾನಿ ವಹಿಸಿಕೊಳ್ಳಕೂಡದು. ತಮಗೆ ತಲುಪಿದ ಪ್ರತಿಯ ಹ್ಯಾಶ್ ಮೌಲ್ಯ, ಮೊಹರಿನ ಸ್ಥಿತಿ, ಕಡತದ ಸ್ವರೂಪ ಇವನ್ನು ದಾಖಲಿಸಿದರೆ ಸಾಕು. ವಾಟ್ಸ್ಆ್ಯಪ್ ಮೂಲಕ ಹಾದುಬಂದ ಕಡತವು ಸಂಕುಚಿತವಾಗಿರುತ್ತದೆ. ದೂರವಾಣಿಯ ಕಿರಿದಾದ ಆವೃತ್ತಿಪಟ್ಟಿಯಲ್ಲಿ ಸಂವೃತ ಸ್ವರಗಳ ಮೊದಲ ಫಾರ್ಮೆಂಟ್ ಇರುವುದಕ್ಕಿಂತ ಎತ್ತರದಲ್ಲಿ ಅಳತೆಗೆ ಸಿಗುತ್ತದೆಂಬುದು ಚೆನ್ನಾಗಿ ಸ್ಥಾಪಿತವಾದ ಸಂಗತಿ. ಇಂಥ ಮಿತಿಗಳನ್ನು ತಜ್ಞರೇ ಮೊದಲು ಹೇಳಬೇಕು. ಎದುರುಪಕ್ಷದವರ ಬಾಯಿಂದ ಬಂದರೆ ಅವೇ ಮಿತಿಗಳು ಮರೆಮಾಚಿದ ದೋಷಗಳಂತೆ ಕೇಳಿಸುತ್ತವೆ.

ಇನ್ನು ಅಳತೆ. ಒಂಟಿ ಣಕಾರಕ್ಕೂ ದ್ವಿತ್ವಕ್ಕೂ ನಡುವಿನ ಅವಧಿಯ ವ್ಯತ್ಯಾಸವು ಕನ್ನಡದಲ್ಲಿ ಅರ್ಥಭೇದಕವೆಂದು ಪಠ್ಯಪುಸ್ತಕಗಳಿಂದ ಉದ್ಧರಿಸಿದರೆ ಸಾಲದು. ವಕೀಲರು ಕೇಳುವುದು ಆ ಮನುಷ್ಯನ ಬಾಯಲ್ಲಿ, ಆ ವೇಗದಲ್ಲಿ, ಆ ಗದ್ದಲದಲ್ಲಿ ಏನಾಗುತ್ತದೆ ಎಂಬುದನ್ನು. ಆದ್ದರಿಂದ ಹೋಲಿಕೆಯ ಸಾಮಗ್ರಿ ಅದೇ ಧ್ವನಿಮುದ್ರಣದ ವಿವಾದರಹಿತ ಭಾಗದಿಂದ ಬರಬೇಕು: ‘ಕಾಣಲ್ಲ’, ‘ಗುಣ’ದಂಥ ಒಂಟಿ ಣಕಾರದ ಪದಗಳು ಒಂದೆಡೆ, ‘ಮಣ್ಣು’, ‘ಸಣ್ಣ’ದಂಥ ದ್ವಿತ್ವದ ಪದಗಳು ಇನ್ನೊಂದೆಡೆ. ಮಾತಿನ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡು, ಹಿಂದಿನ ಸ್ವರದ ಅವಧಿಗೆ ಅನುಪಾತವಾಗಿ ಅಳೆಯಬೇಕು. ಸ್ವರಮಧ್ಯದ ಒಂಟಿ ಣಕಾರ ಅನೇಕರ ಮಾತಿನಲ್ಲಿ ತಾಡಿತದಂತಾಗುವುದನ್ನೂ ನೋಡಬೇಕು. ಸಂಬೋಧನೆಯ ‘ಅಣ್ಣ’ ಎಂಬಲ್ಲಿ ಕೊನೆಯ ಸ್ವರ ಎಳೆಯಲ್ಪಟ್ಟು ‘ಅಣ್ಣಾ’ದ ಕಡೆಗೆ ಸರಿಯಬಹುದು, ಕರ್ಮವಾದ ‘ಅಣ’ದಲ್ಲಿ ಹಾಗಾಗಲು ಕಾರಣವಿಲ್ಲ, ಇದು ಮೊದಲ ಅಳತೆಯನ್ನು ಅವಲಂಬಿಸದ ಎರಡನೆಯ ಸುಳಿವು.

ಆರೋಪಿಯಿಂದ ಹೊಸದಾಗಿ ಧ್ವನಿಮಾದರಿ ಪಡೆಯಲು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆಯೆಂದು ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮಾದರಿ ಪಡೆಯುವಾಗ ವಿವಾದಿತ ವಾಕ್ಯವನ್ನೇ ಕಾಗದದಲ್ಲಿ ಬರೆದು ಓದಿಸುವುದುಂಟು. ನಮ್ಮ ಪ್ರಶ್ನೆಗೆ ಇಂಥ ಮಾದರಿಯಿಂದ ಪ್ರಯೋಜನವಿಲ್ಲ. ಬರಹವನ್ನು ಓದುವಾಗ ಬಿದ್ದುಹೋಗಿದ್ದ ಹಕಾರ ಮರಳಿ ಬರುತ್ತದೆ, ದ್ವಿತ್ವ ಶಾಲೆಯ ಓದಿನಂತೆ ಸ್ಫುಟವಾಗುತ್ತದೆ; ಪರೀಕ್ಷಿಸಬೇಕಾದ ಲಕ್ಷಣವೇ ಪರೀಕ್ಷೆಯಿಂದ ಬದಲಾಗಿಹೋಗುತ್ತದೆ. ಮಾದರಿ ಪಡೆಯುವ ಮುನ್ನವೇ ತಜ್ಞರ ಸಲಹೆ ಕೇಳಿದರೆ ಸಹಜ ಮಾತನ್ನು ಮುದ್ರಿಸಿಕೊಳ್ಳಲು ಹೇಳಬಹುದು. ಕೇಳುವುದು ಅಪರೂಪ.

ಅಳತೆಗೆ ಬಳಸಿದ ತಂತ್ರಾಂಶ ಪ್ರಾಟ್ ಆಗಿದ್ದರೆ ಅದರ ಆವೃತ್ತಿ, ಹೊಂದಿಕೆಗಳು, ಅನುನಾಸಿಕದ ಆದಿ–ಅಂತ್ಯಗಳನ್ನು ಗುರುತಿಸಿದ ಮಾನದಂಡ, ಪ್ರತಿ ಪದದ ಅಳತೆಯ ಕೋಷ್ಟಕ—ಇವು ಅನುಬಂಧದಲ್ಲಿರಬೇಕು. ಎರಡನೆಯ ಧ್ವನಿವಿಜ್ಞಾನಿಯೊಬ್ಬರು, ವಿವಾದ ಏನೆಂದು ತಿಳಿಯದೆ, ಅದೇ ಅಳತೆಗಳನ್ನು ಪುನರಾವರ್ತಿಸಿ ಇಬ್ಬರ ನಡುವಿನ ವ್ಯತ್ಯಾಸವನ್ನೂ ನಮೂದಿಸಿದರೆ ಉತ್ತಮ. ವಿವಾದಿತ ಅವಧಿಯು ಎರಡೂ ಗುಂಪುಗಳು ಒಂದರೊಳಗೊಂದು ಸೇರಿಕೊಂಡಿರುವ ಭಾಗದಲ್ಲಿ ಬಿದ್ದರೆ ‘ಈ ಸಾಮಗ್ರಿಯಿಂದ ನಿರ್ಧರಿಸಲಾಗದು’ ಎಂದೇ ಬರೆಯಬೇಕು. ಅದೂ ಒಂದು ಫಲಿತಾಂಶ. ಬರಹರೂಪದಲ್ಲಿ ಖಚಿತವಾಗಿ ಮುದ್ರಿತವಾಗಿರುವ ‘ಹಣ’ ಎಂಬ ಪದವು ಖಚಿತವಲ್ಲವೆಂದು ನ್ಯಾಯಾಲಯಕ್ಕೆ ತಿಳಿಸುವ ಫಲಿತಾಂಶ.

೪. ಎಷ್ಟು ಅಪರೂಪ ಎಂದರೆ ಎಷ್ಟು?

ಕರ್ತೃತ್ವದ ವರದಿಗಳು ಬೀಳುವುದು ಮುಖ್ಯವಾಗಿ ಇಲ್ಲಿ. ವಿವಾದಿತ ಪತ್ರದಲ್ಲೂ ಆರೋಪಿಯ ಪತ್ರಗಳಲ್ಲೂ ‘ಷ’ ಇರಬೇಕಾದಲ್ಲಿ ‘ಶ’ ಇದೆ, ಮಹಾಪ್ರಾಣ ಇರಬೇಕಾದಲ್ಲಿ ಅಲ್ಪಪ್ರಾಣವಿದೆ ಎಂದು ಹತ್ತು ಹೋಲಿಕೆಗಳ ಪಟ್ಟಿ ಕೊಡುವುದು ಸುಲಭ. ಆ ಹತ್ತೂ ಲಕ್ಷಣಗಳು ಅದೇ ತಾಲ್ಲೂಕಿನ, ಅಷ್ಟೇ ಓದಿನ ಸಾವಿರಾರು ಮಂದಿಯ ಬರಹದಲ್ಲಿರಬಹುದು. ರೋಮನ್ ಲಿಪಿಯಲ್ಲಿ ಕನ್ನಡದ ಸಂದೇಶ ಬರೆಯುವವರಲ್ಲಿ ದೀರ್ಘಸ್ವರಕ್ಕೆ ಒಂದೇ ಅಕ್ಷರ ಬಳಸುವವರೆಷ್ಟು, ಎರಡು ಬಳಸುವವರೆಷ್ಟು? ಎಣಿಸಿದ ಪಠ್ಯಕೋಶವನ್ನು ಮುಂದಿಡದೆ ‘ವಿಶಿಷ್ಟ ಶೈಲಿ’ ಎಂಬ ಪದವನ್ನು ಬಳಸುವ ಹಕ್ಕು ನಮಗಿಲ್ಲ.

ಮಾದರಿಯಾಗಿ ಡೆರೆಕ್ ಬೆಂಟ್ಲಿ ಪ್ರಕರಣವನ್ನು ನೋಡಬಹುದು. ೧೯೫೩ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಗಲ್ಲಿಗೇರಿಸಲ್ಪಟ್ಟ ಈ ತರುಣನ ಹೇಳಿಕೆಯು ಪೊಲೀಸರ ಪ್ರಶ್ನೆಗಳಿಲ್ಲದೆ ಆತ ತಾನಾಗಿ ಹೇಳಿದ್ದೆಂದು ಪೊಲೀಸರು ಪ್ರಮಾಣ ಮಾಡಿದ್ದರು. ಮಾಲ್ಕಮ್ ಕೂಲ್ಟ್‌ಹಾರ್ಡ್ ಅವರು ‘ಅನಂತರ’ ಎಂಬರ್ಥದ ‘ದೆನ್’ ಪದವನ್ನು ಎಣಿಸಿದರು. ಬೆಂಟ್ಲಿಯ ಹೇಳಿಕೆಯಲ್ಲಿ ಅದು ೫೮ ಪದಗಳಿಗೊಮ್ಮೆ ಬರುತ್ತದೆ. ಅವರು ಸಂಗ್ರಹಿಸಿದ ಸಾಮಾನ್ಯ ಸಾಕ್ಷಿಗಳ ಹೇಳಿಕೆಗಳಲ್ಲಿ ೯೩೦ ಪದಗಳಿಗೊಮ್ಮೆ, ಪೊಲೀಸರ ಹೇಳಿಕೆಗಳಲ್ಲಿ ೭೮ ಪದಗಳಿಗೊಮ್ಮೆ. ಈ ವಾದದ ಬಲ ಅಂಕಿಗಳಲ್ಲಿರುವುದಕ್ಕಿಂತ ಹೋಲಿಕೆಯ ಗುಂಪುಗಳನ್ನು ಆರಿಸಿದ ರೀತಿಯಲ್ಲಿದೆ: ಎರಡು ಪ್ರತಿಸ್ಪರ್ಧಿ ಕಥನಗಳಿದ್ದವು, ಪ್ರತಿಯೊಂದಕ್ಕೂ ತಕ್ಕ ಪಠ್ಯಗುಂಪೊಂದಿತ್ತು. ಮಾದರಿಗಳು ಚಿಕ್ಕವು ಎಂಬ ಆಕ್ಷೇಪಣೆಗೆ ಎಡೆಯಿದ್ದರೂ ತರ್ಕ ಬಯಲಾಗಿಯೇ ಇದೆ. ೧೯೯೮ರಲ್ಲಿ ಶಿಕ್ಷೆ ರದ್ದಾಯಿತು. ಆದರೆ ಮುಖ್ಯವಾಗಿ ಅಂದಿನ ನ್ಯಾಯಾಧೀಶರು ಜ್ಯೂರಿಗೆ ಕೊಟ್ಟ ನಿರ್ದೇಶನದ ದೋಷದಿಂದ ಎಂಬುದನ್ನು ನಮ್ಮ ತರಗತಿಗಳಲ್ಲಿ ಹೇಳಲು ಮರೆಯುತ್ತೇವೆ. ಭಾಷಾವಿಜ್ಞಾನವೇ ಬೆಂಟ್ಲಿಯ ಹೆಸರನ್ನು ಕಳಂಕಮುಕ್ತಗೊಳಿಸಿತೆಂದು ಕಟಕಟೆಯಲ್ಲಿ ಹೇಳುವವರನ್ನು ತೀರ್ಪು ಓದಿದ ವಕೀಲರು ಸುಮ್ಮನೆ ಬಿಡುವುದಿಲ್ಲ.

ಎದುರು ಉದಾಹರಣೆಯಾಗಿ ವಾಕ್ಯಗಳ ಉದ್ದವನ್ನೂ ಕೆಲವು ಬಗೆಯ ಪದಗಳನ್ನೂ ಸಂಚಿತ ಮೊತ್ತದ ರೇಖೆಗಳಾಗಿ ಎಳೆದು ಕರ್ತೃವನ್ನು ಗುರುತಿಸುವ ‘ಕ್ಯುಸಮ್’ ವಿಧಾನವಿದೆ. ೧೯೯೧ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದವರೆಗೆ ಹೋದ ಈ ವಿಧಾನ, ಅನಂತರದ ಕೆಲವೇ ವರ್ಷಗಳಲ್ಲಿ ಸಂಖ್ಯಾಶಾಸ್ತ್ರಜ್ಞರ ಮತ್ತು ಮನೋವಿಜ್ಞಾನಿಗಳ ಪರೀಕ್ಷೆಯಲ್ಲಿ ಕುಸಿಯಿತು. ಒಮ್ಮೆ ಒಪ್ಪಿತವಾದದ್ದು ವಿಶ್ವಾಸಾರ್ಹವೆಂದೇನಲ್ಲ. ಅಮೆರಿಕದ ವ್ಯಾನ್ ವೈಕ್ ಪ್ರಕರಣದಲ್ಲಿ (೨೦೦೦) ನ್ಯೂಜೆರ್ಸಿಯ ಸಂಯುಕ್ತ ನ್ಯಾಯಾಲಯ ಮಧ್ಯದ ದಾರಿಯೊಂದನ್ನು ಹಿಡಿಯಿತು: ಪಠ್ಯಗಳ ನಡುವಿನ ಹೋಲಿಕೆಗಳನ್ನು ತೋರಿಸಲು ತಜ್ಞರಿಗೆ ಅವಕಾಶ ಕೊಟ್ಟು, ಕರ್ತೃ ಇಂಥವನೆಂಬ ತೀರ್ಮಾನವನ್ನು ಹೇಳಲು ಬಿಡಲಿಲ್ಲ. ಕನ್ನಡಕ್ಕೆ ಎಣಿಕೆಯ ಆಧಾರ ಸಿದ್ಧವಾಗುವವರೆಗೆ ನಾವು ಸ್ವಇಚ್ಛೆಯಿಂದಲೇ ಅಷ್ಟಕ್ಕೆ ನಿಲ್ಲುವುದು ಲೇಸು.

೫. ಅರ್ಥ ಮತ್ತು ಉದ್ದೇಶ

ಆತ್ಮಹತ್ಯೆಗೆ ಪ್ರಚೋದನೆಯ ಪ್ರಕರಣಗಳಲ್ಲಿ ‘ಹೋಗಿ ಸಾಯಿ’ ಎಂಬ ಮಾತು ದೋಷಾರೋಪ ಪಟ್ಟಿಯಲ್ಲಿ ಕಾಣುತ್ತದೆ. ಇದೇ ಅರ್ಥದ ಮಾತೊಂದು ಜಗಳದ ಬಿಸಿಯಲ್ಲಿ ಬಂದದ್ದು ಪ್ರಚೋದನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರ ತೀರ್ಪೊಂದರಲ್ಲಿ ಹೇಳಿದೆ. ಇಲ್ಲಿ ಭಾಷಾವಿಜ್ಞಾನಿ ಏನು ಹೇಳಬಹುದು? ರೂಪ ವಿಧ್ಯರ್ಥಕ, ಬಳಕೆ ಮಾತ್ರ ಬೈಗುಳ, ಬೇಸರ, ತಾಯಿ ಮಗುವಿನ ಮೇಲೆ ತೋರುವ ಹುಸಿಮುನಿಸಿನವರೆಗೂ ಹರಡಿದೆ. ಯಾವ ಸನ್ನಿವೇಶ ಲಕ್ಷಣಗಳಿದ್ದಾಗ ಕೇಳುಗರು ಅದನ್ನು ಆದೇಶವೆಂದು ತೆಗೆದುಕೊಳ್ಳಬಹುದು, ಯಾವುವಿದ್ದಾಗ ಇಲ್ಲ ಎಂಬುದನ್ನು ಉದಾಹರಣೆಗಳೊಂದಿಗೆ ವಿವರಿಸಬಹುದು. ಹೇಳಿದವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಬಾರದು. ಅದು ನ್ಯಾಯಾಲಯದ ಕೆಲಸ. ಮಾತಿನ ಕ್ರಿಯೆಗಳ ಸಿದ್ಧಾಂತವನ್ನು ಬಲ್ಲವರಿಗೆ ‘ಉದ್ದೇಶ’ ಎಂಬ ಪದ ನಾಲಗೆಯ ತುದಿಯಲ್ಲೇ ಇರುತ್ತದೆ. ವರದಿಯಲ್ಲಿ ಅದನ್ನು ಬಳಸಿದರೆ ಕಾನೂನಿನ ‘ಉದ್ದೇಶ’ದೊಡನೆ ಅದು ಬೆರೆತುಹೋಗುತ್ತದೆ.

‘ನೋಡ್ಕೋತೀನಿ’ ಎಂಬ ಕ್ರಿಯಾಪದ ಇನ್ನಷ್ಟು ತೊಡಕಿನದು. ‘ಅಪ್ಪನ್ನ ನಾನು ನೋಡ್ಕೋತೀನಿ’ ಎಂದರೆ ಆರೈಕೆ. ‘ನಿನ್ನ ನೋಡ್ಕೋತೀನಿ’ ಎಂದರೆ ಆರೈಕೆಯ ಮಾತೂ ಆದೀತು, ಬೆದರಿಕೆಯೂ ಆದೀತು. ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ ಕಡತದ ಇಂಗ್ಲಿಷ್ ಅನುವಾದ ಇವೆರಡರಲ್ಲಿ ಒಂದನ್ನು ಆರಿಸಿಬಿಟ್ಟಿರುತ್ತದೆ, ಆರಿಸಿದವರ ಹೆಸರಿಲ್ಲದೆ. ಆದ್ದರಿಂದ ವರದಿಯು ಮೂಲ ವಾಕ್ಯವನ್ನು ಕನ್ನಡ ಲಿಪಿಯಲ್ಲಿಟ್ಟು, ಎರಡೂ ಅನುವಾದಗಳನ್ನು ಕಾರಣಗಳೊಂದಿಗೆ ಕೊಡಬೇಕು.

೬. ‘ಬಹುದು’ ಎಂಬ ತೊಡಕು

ಧ್ವನಿ ಅಥವಾ ಪಠ್ಯದ ಹೋಲಿಕೆಯಲ್ಲಿ ನಿರ್ಣಯವನ್ನು ಹೇಳುವ ಸರಿಯಾದ ರೂಪವೆಂದರೆ ‘ಈ ಲಕ್ಷಣಗಳು ಮೊದಲ ಕ್ಲುಪ್ತಿಯ ಪ್ರಕಾರ ಕಾಣಿಸಿಕೊಳ್ಳುವ ಸಂಭವವು ಎರಡನೆಯದರ ಪ್ರಕಾರ ಕಾಣಿಸಿಕೊಳ್ಳುವ ಸಂಭವಕ್ಕಿಂತ ಇಷ್ಟು ಹೆಚ್ಚು’ ಎಂಬುದು. ಇದನ್ನು ತಿರುಗಿಸಿ ‘ಮೊದಲ ಕ್ಲುಪ್ತಿ ನಿಜವಾಗಿರುವ ಸಂಭವ ಇಷ್ಟು ಹೆಚ್ಚು’ ಎಂದರೆ ತರ್ಕದೋಷ. ಆ ಸಂಭವ ಪ್ರಕರಣದ ಇತರ ಸಾಕ್ಷ್ಯಗಳನ್ನೂ ಅವಲಂಬಿಸಿದೆ, ಅವು ನಮ್ಮ ಮುಂದಿಲ್ಲ. ಸಂಭವನೀಯತಾ ಅನುಪಾತದ ಈ ತರ್ಕವನ್ನು ವಿಧಿ ಧ್ವನಿವಿಜ್ಞಾನದಲ್ಲಿ ಫಿಲಿಪ್ ರೋಸ್ ಮೊದಲಾದವರು ಬೆಳೆಸಿದ್ದಾರೆ. ಇಲ್ಲಿ ಅದರ ವಿವರ ಬೇಡ.

ನಮ್ಮ ವಿಶೇಷ ಕಷ್ಟ ಬೇರೆ. ಕನ್ನಡದ ‘ಬಹುದು’ ಸಾಧ್ಯತೆಯನ್ನೂ, ಹೆಚ್ಚಿನ ಸಂಭವವನ್ನೂ, ಅನುಮತಿಯನ್ನೂ ಒಟ್ಟಿಗೆ ಹೊತ್ತಿದೆ. ‘ಒಬ್ಬನದೇ ಧ್ವನಿಯಾಗಿರಬಹುದು’ ಎಂಬ ಮಾತನ್ನು ಅಭಿಯೋಜಕರು ‘ಬಹುತೇಕ ಹೌದು’ ಎಂದೂ ಪ್ರತಿವಾದಿಯ ವಕೀಲರು ‘ಹೇಳಲಾಗದು’ ಎಂದೂ ಓದುತ್ತಾರೆ. ಇಬ್ಬರ ಓದೂ ಕನ್ನಡದ ಮಟ್ಟಿಗೆ ನ್ಯಾಯವೇ. ವರದಿಯಲ್ಲಿ ‘ಬಹುದು’ ರೂಪವನ್ನು ನಿರ್ಣಯದ ವಾಕ್ಯಗಳಿಂದ ಪೂರ್ತಿಯಾಗಿ ಬಿಟ್ಟು, ‘ಅಲ್ಪ ಬೆಂಬಲ’, ‘ಮಧ್ಯಮ ಬೆಂಬಲ’, ‘ಪ್ರಬಲ ಬೆಂಬಲ’ದಂಥ ಪದಗಳನ್ನು ವ್ಯಾಖ್ಯಾನಿಸಿ, ಕೊನೆಯವರೆಗೆ ಅವನ್ನೇ ಬಳಸುವುದು ಒಳಿತು. ‘ನೂರಕ್ಕೆ ನೂರು’ ಎಂಬುದಂತೂ ಎಂದಿಗೂ ಬರಕೂಡದು. ೧೯೬೦ರ ದಶಕದ ‘ಧ್ವನಿಮುದ್ರೆ’ ತಜ್ಞರು ಹಾಗೆ ಮಾತನಾಡಿದ್ದರು. ೧೯೭೯ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯು ಆ ವಿಧಾನದ ಅನಿಶ್ಚಿತತೆಗಳನ್ನು ಬಿಡಿಸಿಟ್ಟ ಮೇಲೆ ಆ ಹೆಸರೇ ನಮ್ಮ ಕ್ಷೇತ್ರಕ್ಕೆ ಮುಜುಗರವಾಯಿತು.

೭. ಕಟಕಟೆಯಲ್ಲಿ

ಮುಖ್ಯ ವಿಚಾರಣೆ ಬಹಳ ಹೊತ್ತು ಹಿಡಿಯುವುದಿಲ್ಲ, ವರದಿಯನ್ನು ನಿ.ಪಿ. ಸಂಖ್ಯೆಯೊಂದಿಗೆ ಗುರುತಿಸಿ, ಸಹಿಯನ್ನು ಒಪ್ಪಿಕೊಳ್ಳುವಲ್ಲಿಗೆ ಅದು ಮುಗಿಯಬಹುದು. ಅನಂತರದ್ದು ಪಾಟೀಸವಾಲು. ತಜ್ಞರು ಹಿಂದೆ ಬರೆದ ಲೇಖನಗಳನ್ನು, ಮಹಾಪ್ರಬಂಧವನ್ನು ಕೂಡ ಮುಂದಿಟ್ಟು ವಿರೋಧಾಭಾಸ ತೋರಿಸುವ ಪ್ರಯತ್ನ ನಡೆಯುತ್ತದೆ. ‘ದ್ವಿತ್ವದ ಅವಧಿ ಆಡುಮಾತಿನಲ್ಲಿ ಅಸ್ಥಿರ’ ಎಂದು ಹತ್ತು ವರ್ಷಗಳ ಹಿಂದೆ ಬರೆದಿದ್ದರೆ ಆ ವಾಕ್ಯವನ್ನು ವರದಿಯಲ್ಲಿ ತಾವೇ ಉಲ್ಲೇಖಿಸಿ, ಪ್ರಸ್ತುತ ಸಾಮಗ್ರಿಗೆ ಅದು ಹೇಗೆ ಅನ್ವಯಿಸುತ್ತದೆ ಅಥವಾ ಅನ್ವಯಿಸದು ಎಂದು ವಿವರಿಸಿರಬೇಕು. ಶಾಸ್ತ್ರಗ್ರಂಥಗಳನ್ನು ನೋಡಿ ನೆನಪನ್ನು ತಾಜಾ ಮಾಡಿಕೊಳ್ಳಲು ೧೬೨ನೆಯ ಕಲಂ ತಜ್ಞರಿಗೆ ಅವಕಾಶ ಕೊಡುತ್ತದೆ, ಪುಸ್ತಕ ಜೊತೆಗಿರಲಿ. ಸಂಭಾವನೆಯ ಪ್ರಶ್ನೆಗೆ ಮೊತ್ತವನ್ನು ನೇರವಾಗಿ ಹೇಳಿದರಾಯಿತು, ಅದು ತೀರ್ಪಿನ ಫಲಕ್ಕೆ ಕಟ್ಟುಬಿದ್ದಿರದಿದ್ದರೆ.

ಕನ್ನಡದಲ್ಲಿ ದಾಖಲಾಗುವ ಸಾಕ್ಷ್ಯದ ರಚನೆಯನ್ನು ಭಾಷಾವಿಜ್ಞಾನಿಗಳಾದ ನಾವು ಗಮನಿಸಲೇಬೇಕು. ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನರೂಪದಲ್ಲಿ ಬರೆದುಕೊಳ್ಳಲಾಗುತ್ತದೆ. ವಕೀಲರು ಒಂದು ನಿಮಿಷದ ಪ್ರಶ್ನೆ ಕೇಳುತ್ತಾರೆ, ಸಾಕ್ಷಿ ‘ಹೌದು’ ಎನ್ನುತ್ತಾರೆ. ದಾಖಲೆಯಲ್ಲಿ ವಕೀಲರ ಪೂರ್ಣ ವಾಕ್ಯ ‘ಎಂದರೆ ಸರಿ’ ಎಂಬ ಬಾಲದೊಂದಿಗೆ ಸಾಕ್ಷಿಯ ಮಾತಾಗಿ ಇಳಿಯುತ್ತದೆ. ‘ಗದ್ದಲವಿರುವ ಧ್ವನಿಮುದ್ರಣದಲ್ಲಿ ಅವಧಿಯ ಅಳತೆ ನಂಬಲರ್ಹವಲ್ಲ ಎಂದರೆ ಸರಿ.’ ತಜ್ಞರು ‘ಕೆಲವು ಬಗೆಯ ಗದ್ದಲದಲ್ಲಿ, ಹೌದು’ ಎಂದಿದ್ದರೂ ಮೊದಲರ್ಧ ಬಿದ್ದುಹೋಗಿರಬಹುದು. ನಿರ್ಣಾಯಕ ಪ್ರಶ್ನೆಗಳನ್ನು ಪ್ರಶ್ನೋತ್ತರ ರೂಪದಲ್ಲಿ ದಾಖಲಿಸುವ ವಿವೇಚನಾಧಿಕಾರ ನ್ಯಾಯಾಧೀಶರಿಗಿದೆ. ಅದನ್ನು ವಿನಯದಿಂದ ಕೋರಿಕೊಳ್ಳಬಹುದು. ಷರತ್ತನ್ನು ವಾಕ್ಯದ ಮೊದಲಲ್ಲಿ ಹೇಳುವುದಕ್ಕಿಂತ ಪ್ರತ್ಯೇಕ ವಾಕ್ಯವಾಗಿಯೇ ಹೇಳುವುದು ಲೇಸು: ‘ಗದ್ದಲದ ಸ್ವರೂಪವನ್ನು ಅವಲಂಬಿಸಿದೆ. ಈ ಧ್ವನಿಮುದ್ರಣದ ಮಟ್ಟಿಗೆ ಅಳತೆ ಸಾಧ್ಯವಿತ್ತು.’ ಎರಡು ಪೂರ್ಣವಾಕ್ಯಗಳನ್ನು ‘ಎಂದರೆ ಸರಿ’ಯೊಳಗೆ ನುಂಗುವುದು ಕಷ್ಟ.

ಸಾಕ್ಷ್ಯ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿಹೇಳುವ ಕ್ರಮವಿದೆ. ಸಂಜೆಯ ಹೊತ್ತು, ಎಲ್ಲರಿಗೂ ಆತುರ. ಹೆಚ್ಚಿನವರು ಓದದೆಯೇ ಸಹಿ ಮಾಡುತ್ತಾರೆ. ನಾವು ಹಾಗೆ ಮಾಡಬಾರದು. ‘ಬೆಂಬಲ’ ಎಂದದ್ದು ‘ಖಚಿತ’ವಾಗಿದೆಯೇ, ‘ನಿರ್ಧರಿಸಲಾಗದು’ ಎಂದದ್ದು ‘ಗೊತ್ತಿಲ್ಲ’ ಆಗಿದೆಯೇ ಎಂದು ಪದಪದವಾಗಿ ನೋಡಬೇಕು. ದಾಖಲೆ ಸರಿಯಿಲ್ಲವೆಂದು ಸಾಕ್ಷಿ ಹೇಳಿದಾಗ ನ್ಯಾಯಾಧೀಶರು ಅದನ್ನು ತಿದ್ದಬಹುದು. ತಿದ್ದದಿದ್ದರೆ ಆಕ್ಷೇಪಣೆಯನ್ನು ಟಿಪ್ಪಣಿಯಾಗಿ ದಾಖಲಿಸಿ ತಮ್ಮ ಅಭಿಪ್ರಾಯ ಸೇರಿಸಬಹುದು. ಮೇಲ್ಮನವಿಯ ನ್ಯಾಯಾಲಯವು ತಜ್ಞರ ಮುಖ ನೋಡುವುದಿಲ್ಲ, ಧ್ವನಿ ಕೇಳುವುದಿಲ್ಲ. ಅದರ ಮುಂದಿರುವುದು ವರದಿ, ಆ ಕೆಲವು ಪುಟಗಳ ಸಾಕ್ಷ್ಯ ಮತ್ತು ಅವುಗಳ ಅಂಚಿನಲ್ಲಿರುವ ಆ ಟಿಪ್ಪಣಿ.